ಕಲ್ಲಾದ ಮರ ಯಾರದ್ದು?



ಮಕ್ಕಳ ಶಾಲಾಚೀಲವನ್ನು ತಿಂಗಳಿಗೊಮ್ಮೆ ಕೊಡವಿ ನೋಡಿ. ಪೆನ್ಸಿಲ್ ತುಂಡುಗಳ ಜೊತೆ ನಾಲ್ಕಾರು ಕಲ್ಲುಗಳೂ ಉದುರುತ್ತವೆ. ಬೈಯಬೇಡಿ. ಅಮೆರಿಕದಲ್ಲಿ ದೊಡ್ಡವರೇ ಗೆಳೆಯರನ್ನು ಕಟ್ಟಿಕೊಂಡು, ಬುತ್ತಿ, ನೀರು, ಸುತ್ತಿಗೆ ಹಿಡಿದು ಮರುಭೂಮಿಗೆ ಕಲ್ಲು ಹೆಕ್ಕಲು ಹೋಗುತ್ತಾರೆ. ಅವರು ಆಸೆಪಟ್ಟು ಹುಡುಕುವುದರಲ್ಲಿ ಒಂದು, ಕಲ್ಲಾಗಿ ಹೋದ ಮರ.

ಮರ ಕಲ್ಲಾಗುವುದುಂಟೇ? ಉಂಟು. ಈಗ ಬಟ್ಟಬಯಲಾಗಿರುವ ಆರಿಝೋನಾದಲ್ಲಿ 20 ಕೋಟಿ ವರ್ಷಗಳಿಗೂ ಹಿಂದೆ ನದಿಗಳಿದ್ದವು, ದೊಡ್ಡ ಮರಗಳಿದ್ದವು. ನೆರೆಯಲ್ಲಿ ಕೊಚ್ಚಿ ಬಂದ ಮರಗಳು ಕೆಸರಿನಡಿ ಹೂತುಹೋದವು. ಗಾಳಿ ತಗಲದ್ದರಿಂದ ಬೇಗ ಕೊಳೆಯಲಿಲ್ಲ. ಜ್ವಾಲಾಮುಖಿಯ ಬೂದಿಯಲ್ಲಿದ್ದ ಸಿಲಿಕಾ ನೀರಿನಲ್ಲಿ ಕರಗಿ ಮರದೊಳಗೆ ಇಳಿಯುತ್ತಾ, ನಿಧಾನವಾಗಿ ಇಡೀ ಮರ ಬೆಣಚುಕಲ್ಲಾಯಿತು. ಕಬ್ಬಿಣದ ಅಂಶ ಸೇರಿದಲ್ಲಿ ಕೆಂಪು, ಹಳದಿ ಬಣ್ಣ. ನೋಡಿದರೆ ನಿನ್ನೆ ಕಡಿದ ದಿಮ್ಮಿ, ಆದರೆ ಅಡುಗೆಮನೆಯ ಚಾಕುವಿನಿಂದ ಗೀರಿದರೆ ಗೆರೆಯೂ ಬೀಳದು. ಎಲುಬಾಗಿ ಮಣ್ಣಾಗಿ ಹೋದ ಮೇಲೆ ನಮ್ಮನ್ನು ಮತ್ತೆ ಎಬ್ಬಿಸಲಾಗುವುದೇ ಎಂದು ಮಕ್ಕಾದ ನಿಷೇಧಿಗಳು ಕೇಳಿದ್ದಕ್ಕೆ, ನೀವು ಕಲ್ಲಾದರೂ ಕಬ್ಬಿಣವಾದರೂ ಅದು ತಪ್ಪದು ಎಂಬ ಅರ್ಥದ ಉತ್ತರ ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ. ಆ ಪಾಠ ಬಂದಾಗ ನಾನು ಮಕ್ಕಳಿಗೆ ಈ ಮರದ ಚಿತ್ರ ತೋರಿಸುತ್ತೇನೆ.

ಹೆಕ್ಕುವುದಕ್ಕೆ ಅಲ್ಲಿ ಕಾನೂನಿದೆ. ಅನುಮತಿಯಿರುವ ಸರಕಾರಿ ಭೂಮಿಯಲ್ಲಿ ಒಬ್ಬರು ದಿನಕ್ಕೆ ಸುಮಾರು 11 ಕಿಲೋ ಮತ್ತು ಮೇಲೊಂದು ತುಂಡು, ವರ್ಷಕ್ಕೆ ಒಟ್ಟು ಸುಮಾರು 113 ಕಿಲೋ ತೆಗೆದುಕೊಳ್ಳಬಹುದು. ಸ್ವಂತಕ್ಕೆ ಮಾತ್ರ, ಮಾರುವಂತಿಲ್ಲ. ನನಗೆ ಹಿಡಿಸಿದ್ದು ಇನ್ನೊಂದು ನಿಯಮ: ಹತ್ತು ಮಂದಿ ಗೆಳೆಯರು ಹೋಗಿ, ನಮ್ಮೆಲ್ಲರ ಪಾಲು ಸೇರಿಸಿ ಈ ದೊಡ್ಡ ದಿಮ್ಮಿಯನ್ನೇ ಒಯ್ಯುತ್ತೇವೆ ಎನ್ನುವಂತಿಲ್ಲ. ಉಪಾಯಗಾರರನ್ನು ಬಲ್ಲವರೇ ಅದನ್ನು ಬರೆದಿರಬೇಕು!

ಆದರೆ ಅದೇ ಆರಿಝೋನಾದಲ್ಲಿ 1906ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಸಾರಲ್ಪಟ್ಟು 1962ರಲ್ಲಿ ರಾಷ್ಟ್ರೀಯ ಉದ್ಯಾನವಾದ ಶಿಲಾವೃಕ್ಷಗಳ ಕಾಡಿದೆ. ಅಲ್ಲಿಂದ ಒಂದು ಚೂರನ್ನೂ ತೆಗೆಯುವಂತಿಲ್ಲ. ಆದರೂ ಜನ ಜೇಬಿಗೆ ಹಾಕಿಕೊಳ್ಳುತ್ತಾರೆ. ಸೋಜಿಗವೆಂದರೆ, ಅನೇಕರು ವರ್ಷಗಳ ನಂತರ ಅದನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಾರೆ. 1930ರ ದಶಕದಿಂದ ಬಂದ ಇಂತಹ ಪತ್ರಗಳು ಉದ್ಯಾನದಲ್ಲಿವೆ. ಕಲ್ಲು ತಂದ ಮೇಲೆ ಕೆಲಸ ಹೋಯಿತು, ಮನೆಯಲ್ಲಿ ಕಾಯಿಲೆ ಎಂದು ಹಲವರು ಬರೆದಿದ್ದಾರೆ. ಕಲ್ಲಿಗೆ ಕೇಡು ಮಾಡುವ ಶಕ್ತಿಯಿದೆಯೆಂದು ನಾವು ನಂಬುವವರಲ್ಲ. ಆದರೆ ತನ್ನದಲ್ಲದ್ದನ್ನು ಮನೆಯಲ್ಲಿಟ್ಟುಕೊಂಡವನಿಗೆ ಆಗುವ ಕಸಿವಿಸಿ ಸುಳ್ಳಲ್ಲ.

ಹಿಂದಿರುಗಿದ ಕಲ್ಲುಗಳನ್ನು ಮತ್ತೆ ಕಾಡಿನಲ್ಲಿ ಇಡಲಾಗುವುದಿಲ್ಲ. ಯಾವ ತುಂಡು ಯಾವ ಜಾಗದ್ದೆಂದು ತಿಳಿಯದೆ ಎಲ್ಲೋ ಇಟ್ಟರೆ, ಭೂಮಿಯ ಪದರಗಳನ್ನು ಓದುವ ವಿಜ್ಞಾನಿಗೆ ಅದು ತಪ್ಪು ಸಾಕ್ಷಿಯಾಗುತ್ತದೆ. ಹಾಗಾಗಿ ಅವೆಲ್ಲ ರಸ್ತೆಬದಿಯಲ್ಲೊಂದು ರಾಶಿಯಾಗಿ ಬಿದ್ದಿವೆ. ಅದಕ್ಕೆ ಅಲ್ಲಿನವರಿಟ್ಟ ಹೆಸರು ಆತ್ಮಸಾಕ್ಷಿಯ ರಾಶಿ.

‘ಒಂದು ಚೂರು ತಾನೇ’ ಎನ್ನುವಾಗ ಖೈಬರ್‌ನ ಘಟನೆ ನೆನಪಿಗೆ ಬರುತ್ತದೆ. ಸಮರಾರ್ಜಿತ ಸೊತ್ತು ಪಾಲಾಗುವ ಮೊದಲೇ ಒಬ್ಬಾತ ಕಂಬಳಿಯೊಂದನ್ನು ಎತ್ತಿಕೊಂಡಿದ್ದ. ಆತ ಬಾಣ ತಗಲಿ ಸತ್ತಾಗ ಜನರು ಹುತಾತ್ಮನೆಂದು ಹೊಗಳಿದರು. ಆ ಕಂಬಳಿ ಅವನ ಮೇಲೆ ಬೆಂಕಿಯಾಗಿದೆ ಎಂದು ಪ್ರವಾದಿವರ್ಯರು(ಸ) ಹೇಳಿದರು. ಅದನ್ನು ಕೇಳಿ ಇನ್ನೊಬ್ಬಾತ ತಾನು ತೆಗೆದಿದ್ದ ಚಪ್ಪಲಿಯ ಬಾರು ತಂದೊಪ್ಪಿಸಿದ. ಅದೂ ಬೆಂಕಿಯದೇ ಎಂದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿ ಇದೆ. ಎಲ್ಲರ ಸೊತ್ತಿನಲ್ಲಿ ಬಾರಿನಷ್ಟಕ್ಕೂ ಲೆಕ್ಕವಿದೆ.

ಹಜ್ಜ್‌ಗೆ ಹೋದವರಲ್ಲಿ ನಾವು ಏನೇನು ಕೇಳುತ್ತೇವೆ? ಝಮ್‌ಝಮ್, ಖರ್ಜೂರ, ಜೊತೆಗೆ ಕೆಲವರು ‘ಅಲ್ಲಿಯ ಒಂದು ಹಿಡಿ ಮಣ್ಣು, ಒಂದು ಕಲ್ಲು’ ಎನ್ನುತ್ತಾರೆ. ಕೇಳುವುದು ಪ್ರೀತಿಯಿಂದಲೇ. ಆದರೆ ಝಮ್‌ಝಮ್ ತರಬಹುದು, ಹರಮ್‌ನ ಮಣ್ಣು ಕಲ್ಲುಗಳನ್ನು ಹೊರಗೆ ಒಯ್ಯಬಾರದು ಎಂದು ಇಮಾಮ್ ನವವಿ(ರ) ಬರೆದಿದ್ದಾರೆ. ಕರಾವಳಿಯಲ್ಲಿ ಶಾಫಿಈ ಮದ್‌ಹಬ್ ಅನುಸರಿಸುವ ಮನೆಗಳೇ ಹೆಚ್ಚು. ಆದರೂ ಈ ಮಾತು ಬಹಳ ಮಂದಿಯ ಕಿವಿಗೆ ಬಿದ್ದಿಲ್ಲ. ಮುಂದಿನ ಸಲ ಹೊರಡುವವರಿಗೆ ದಯವಿಟ್ಟು ಮೊದಲೇ ತಿಳಿಸಿ.

ಕಲ್ಲಾದ ಮರ ನೋಡಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ತಿರುವಕ್ಕರೈಯಲ್ಲಿ, ಪುದುಚೇರಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಸುಮಾರು 2 ಕೋಟಿ ವರ್ಷ ಹಳೆಯ ದಿಮ್ಮಿಗಳು ಬಯಲಲ್ಲೇ ಮಲಗಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ರಜೆಯಲ್ಲಿ ಆ ಕಡೆ ಹೋದರೆ ಮಕ್ಕಳಿಗೆ ತೋರಿಸಿ. ಬಿಸಿಲು ಏರುವ ಮೊದಲೇ ಹೋಗಿ, ನೀರು ಒಯ್ಯಿರಿ. ಮುಟ್ಟುವ ಮುನ್ನ, ಇದು ಮರವೋ ಕಲ್ಲೋ ಎಂದು ಅವರನ್ನೇ ಕೇಳಿ. ಮಗುವಿನ ಮುಷ್ಟಿಯಲ್ಲಿ ಚೂರೇನಾದರೂ ಕಂಡರೆ, ಗೇಟಿನ ಬಳಿ ಬಂದ ಮೇಲೆ ಎಸೆಯಲು ಹೇಳಬೇಡಿ. ಹೆಕ್ಕಿದ ಜಾಗಕ್ಕೇ ಕರೆದುಕೊಂಡು ಹೋಗಿ ಇಡಿಸಿ.