ಬಣ್ಣವಿಲ್ಲದ ಚೆಲುವು

ಬನಹಟ್ಟಿ ನೇಕಾರರ ಊರು. ಬಣ್ಣವದ್ದಿದ ನೂಲು, ಮಗ್ಗದ ಸಪ್ಪಳ, ಸೀರೆಯ ಸೆರಗು ಇವೇ ಇಲ್ಲಿಯ ಬಾಳು. ಇಂಥ ಊರಿನಲ್ಲಿ ಮರವೊಂದರ ಕಪ್ಪು-ಬಿಳುಪು ಛಾಯಾಚಿತ್ರವನ್ನು ಮುಂದಿರಿಸಿದರೆ, “ಹಸುರೇ ಇಲ್ಲದ ಮರ ಎಂಥ ಮರ?” ಎಂದು ಯಾರಾದರೂ ಕೇಳುವುದು ಸಹಜ. ಉತ್ತರವೂ ನೇಕಾರನ ಬಳಿಯಲ್ಲಿಯೇ ಇದೆ. ಬಣ್ಣ ಎಷ್ಟೇ ಸೊಗಸಾಗಿರಲಿ, ಹಾಸು-ಹೊಕ್ಕು ಬಿಗಿಯಾಗಿರದಿದ್ದರೆ ಸೀರೆ ಬಾಳದೆಂಬುದನ್ನು ಅವನು ಬಲ್ಲ. ಕಪ್ಪು-ಬಿಳುಪು ಚಿತ್ರವು ಮರದ ಬಣ್ಣವನ್ನು ಬದಿಗಿರಿಸಿ ಅದರ ನೆಯ್ಗೆಯನ್ನು ತೋರಿಸುತ್ತದೆ.

ಎರೆಹೊಲದ ಬದುವಿನಲ್ಲಿ ನಿಂತ ಮುದಿ ಬೇವನ್ನೇ ನೋಡಬಹುದು. ದಾರಿಹೋಕನ ಕಣ್ಣು ಅದರ ಹಸುರಿನಲ್ಲಿಯೇ ತಂಗಿಬಿಡುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಾದರೋ ಕಾಂಡದ ಒಂದೊಂದು ಬಿರುಕೂ ನೆರಳು ತುಂಬಿಕೊಂಡು ಎದ್ದು ಕಾಣುತ್ತದೆ. ಕೊಂಬೆಗಳ ಬಾಗು-ಬಳುಕು ಸ್ಪಷ್ಟವಾಗುತ್ತದೆ. ಬಿಸಿಲು ನೆತ್ತಿಯ ಮೇಲಿರುವಾಗ ತೆಗೆದರೆ ಈ ಸೊಬಗು ಬಹುಮಟ್ಟಿಗೆ ಅಳಿಸಿಹೋಗುವುದು.

ಬಣ್ಣವನ್ನು ಕಳೆದ ಮಾತ್ರಕ್ಕೆ ಚಿತ್ರ ಚೆಲುವಾಗದು. ಬೇಸಗೆಯಲ್ಲಿ ಹೂತ ಗುಲ್‌ಮೊಹರನ್ನು ಹಾಗೆಯೇ ಸೆರೆಹಿಡಿದರೆ ಕೆಂಪು ಹೂವೂ ಹಸುರೆಲೆಯೂ ಒಂದೇ ಬೂದುಬಣ್ಣಕ್ಕಿಳಿದು ಬೆರೆತುಹೋಗಬಹುದು. ಮಸೂರದ ಮುಂದೆ ಕೆಂಪು ಗಾಜನ್ನಿರಿಸಿದರೆ ಹೂವು ಬೆಳಗುತ್ತದೆ, ಎಲೆ ಕಪ್ಪೇರುತ್ತದೆ; ನೀಲಿಯಾಕಾಶವೂ ಕಪ್ಪಾಗಿ ಬಿಳಿಯ ಮೋಡ ಮೇಲೇಳುತ್ತದೆ. 1927ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಅವರು ಯೊಸೆಮಿಟಿ ಕಣಿವೆಯ ‘ಹಾಫ್ ಡೋಮ್’ ಬಂಡೆಯನ್ನು ಇಂಥ ಗಾಜಿನ ನೆರವಿನಿಂದಲೇ ಕಪ್ಪು ಬಾನಿನೆದುರು ನಿಲ್ಲಿಸಿದರು. ಕಣ್ಣು ಕಂಡದ್ದಲ್ಲ, ಮನಸ್ಸು ಕಂಡದ್ದು ಕಾಗದಕ್ಕಿಳಿಯಿತು.

ಕನ್ನಡನಾಡಿಗೂ ಈ ಕಲೆಯಲ್ಲಿ ದೊಡ್ಡ ಹೆಸರಿದೆ. ಬನಹಟ್ಟಿಯ ನೆರೆಯ ಮುಧೋಳವನ್ನು ಆಳಿದ ಘೋರ್ಪಡೆ ಮನೆತನದ ಇನ್ನೊಂದು ಕವಲು ಸಂಡೂರಿನದು. ಆ ಕವಲಿನ ಎಂ. ವೈ. ಘೋರ್ಪಡೆ (1931–2011) 1970ರ ದಶಕದಲ್ಲಿ ರಾಜ್ಯದ ಅರ್ಥಸಚಿವರಾಗಿದ್ದವರು. ಬಿಡುವಾದಾಗ ಕ್ಯಾಮೆರಾ ಹಿಡಿದು ಕಾಡಿನಲ್ಲಿ ತಾಳ್ಮೆಯಿಂದ ಕಾದು, ವನ್ಯಜೀವನವನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿ ಕೀರ್ತಿ ಪಡೆದರು. 1983ರಲ್ಲಿ ಪ್ರಕಟವಾದ ಅವರ ‘ಸನ್‌ಲೈಟ್ ಅಂಡ್ ಷ್ಯಾಡೋಸ್’ ಗ್ರಂಥದ ಹೆಸರಿನಲ್ಲಿರುವುದು ಬಿಸಿಲು, ನೆರಳು ಎಂಬ ಎರಡೇ ಮಾತು. ಈ ಕಲೆಯ ಬಂಡವಾಳವೂ ಅಷ್ಟೇ.

ಬಣ್ಣದ ಹಳೆಯ ಚಿತ್ರಗಳು ವರುಷ ಕಳೆದಂತೆ ಮಾಸುತ್ತವೆ. ಬೆಳ್ಳಿಯ ಕಣಗಳಿಂದ ಮೂಡಿದ ಕಪ್ಪು-ಬಿಳುಪು ಚಿತ್ರವು ಚೆನ್ನಾಗಿ ತೊಳೆದು ಜೋಪಾನ ಮಾಡಿದಲ್ಲಿ ತಲೆಮಾರುಗಳನ್ನು ದಾಟಿ ಬರುತ್ತದೆ. ಅಂಥ ಚಿತ್ರಗಳು ಮನೆಮನೆಯ ಪೆಟ್ಟಿಗೆಯಲ್ಲಿವೆ: ಮದುವೆಯ ದಿಬ್ಬಣ, ಶಾಲೆಯ ಮಕ್ಕಳ ಸಾಲು, ಹಿಂದೆ ಒಂದು ಆಲವೋ ಬೇವೋ ಹುಣಿಸೆಯೋ. ಮುಂದೆ ನಿಂತವರ ಹೆಸರನ್ನು ಎಲ್ಲರೂ ಬರೆದಿಡುತ್ತಾರೆ. ಹಿಂದೆ ನಿಂತ ಮರದ ಹೆಸರನ್ನು ಬರೆಯುವವರು ವಿರಳ. ಆ ಮರ ರಸ್ತೆಯ ಅಗಲೀಕರಣಕ್ಕೋ ಹೊಸ ಕಟ್ಟಡಕ್ಕೋ ಉರುಳಿದ್ದರೆ, ಅದರ ಗುರುತು ಉಳಿದಿರುವುದು ಆ ಕಾಗದದಲ್ಲಿ ಮಾತ್ರ. ಹಿರಿಯರು ಇರುವಾಗಲೇ ಕೇಳಿ, ಚಿತ್ರದ ಬೆನ್ನಿನ ಮೇಲೆ ಮೆದುವಾದ ಪೆನ್ಸಿಲಿನಿಂದ ಮರದ ಹೆಸರನ್ನೂ ನಿಂತಿದ್ದ ಜಾಗವನ್ನೂ ಬರೆದಿಡುವುದು ಲೇಸು.