ಮೊದಲು ಮಕ್ಕಳ ಮೈ ಬಿಸಿಯಾಗಲಿ, ಹಾರ ಆಮೇಲೆ ಹಾಕಿಸಿಕೊಳ್ಳಿ

ಮೆಟ್ರಿ, ದೇವಸಮುದ್ರ, ಕಂಪ್ಲಿ ಸುತ್ತಿನ ಪಾಲಕರೇ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರೇ, ದೈಹಿಕ ಶಿಕ್ಷಕರೇ, ಶಾಲಾ ಕ್ರೀಡಾಕೂಟಗಳ ಕಾಲ ಮತ್ತೆ ಬರುತ್ತಿದೆ. ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಜಗಳ ಶುರುವಾಗುವ ಮೊದಲೇ ಒಂದು ಮಾತು ಹೇಳಬೇಕಾಗಿದೆ.

ಕಳೆದ ಸಲ ಕಣ್ಣಾರೆ ಕಂಡದ್ದು. ಊರಿನ ಹೆಸರು ಬೇಡ, ಎಲ್ಲ ಕಡೆ ಇದೇ ಹಾಡು. ಬೆಳಿಗ್ಗೆಯೇ ಕರೆಸಿದ ಮಕ್ಕಳು ಅತಿಥಿಗಳ ಕಾರು ಬರುವವರೆಗೆ ಬಿಸಿಲಲ್ಲಿ ಸಾಲುಗಟ್ಟಿ ನಿಂತರು. ಆಮೇಲೆ ಪಥಸಂಚಲನ, ಧ್ವಜಾರೋಹಣ, ಕ್ರೀಡಾಜ್ಯೋತಿ, ಪ್ರಾಸ್ತಾವಿಕ ನುಡಿ, ಒಬ್ಬೊಬ್ಬರಿಗೂ ಶಾಲು, ಹಾರ, ಪೇಟ. ಶಾಮಿಯಾನ ವೇದಿಕೆಗೆ, ಮಕ್ಕಳಿಗೆ ಬರೀ ನೆಲ. ಕಾಲು ಚಾಚಿದವರಿಗೆ 'ಸರಿಯಾಗಿ ಕುಂದ್ರು' ಎಂಬ ಗದರಿಕೆ. ವಂದನಾರ್ಪಣೆ ಮುಗಿದದ್ದೇ ತಡ, ಮೈಕು ಕೂಗಿತು: 'ನೂರು ಮೀಟರ್ ಬಾಲಕಿಯರು, ಲಾಸ್ಟ್ ಕಾಲ್!' ಮಕ್ಕಳು ಕೂತಲ್ಲಿಂದ ಎದ್ದು ಬರಿಗಾಲಲ್ಲೇ ಸುಣ್ಣದ ಗೆರೆಗೆ ಬಂದರು, ಸೀಟಿ ಕೇಳಿಸಿತು. ಎಲ್ಲರಿಗಿಂತ ಮುಂದಿದ್ದ ಹುಡುಗಿ ಅರ್ಧ ದಾಟುತ್ತಲೇ ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದಳು. 'ನರ ಹಿಡದೈತಿ' ಅಂತ ಯಾರೋ ಬಾಮ್ ಹಚ್ಚಿ ಗಸಗಸ ತಿಕ್ಕಿದರು. ಎಳೆದುಕೊಂಡ ಸ್ನಾಯುವನ್ನು ಹಾಗೆ ತಿಕ್ಕಬಾರದು ಎಂದು ಹೇಳುವವರೂ ಅಲ್ಲಿರಲಿಲ್ಲ.

ಅವಳ ಕಾಲು ಕೆಡಿಸಿದ್ದು ಓಟವಲ್ಲ, ವೇದಿಕೆ.

ಓಟಕ್ಕೆ ಮೊದಲು ಮಕ್ಕಳ ಮೈ ಬಿಸಿ ಮಾಡಿಸಿ ಎಂದರೆ, 'ನಮ್ಮ ಬಳ್ಳಾರಿ ಬಿಸಿಲಿಗೆ ಮೈ ತಾನೇ ಕಾಯ್ತೈತಿ, ವಾರ್ಮ್ ಅಪ್ ಯಾಕ್ರೀ?' ಎಂದು ನಕ್ಕವರಿದ್ದಾರೆ. ಬಿಸಿಲಿಗೆ ಕಾಯುವುದು ಚರ್ಮ. ಸುಮ್ಮನೆ ಕೂತಾಗ ಹೃದಯ ಹೊರದೂಡುವ ರಕ್ತದಲ್ಲಿ ಸ್ನಾಯುಗಳಿಗೆ ಹೋಗುವುದು ಐದರಲ್ಲೊಂದು ಪಾಲು ಮಾತ್ರ. ಜೋರಾಗಿ ಓಡುವಾಗ ಲೆಕ್ಕ ತಿರುಗುಮುರುಗು, ಐದರಲ್ಲಿ ನಾಲ್ಕು ಪಾಲು ಅವಕ್ಕೇ ಬೇಕು. ಆ ಬದಲಾವಣೆಗೆ ದೇಹಕ್ಕೆ ಒಂದಿಷ್ಟು ಹೊತ್ತು ಕೊಡಬೇಡವೇ? ಬಿಸಿಲಲ್ಲಿ ಕೂಡಿಸಿದರೆ ಮಕ್ಕಳ ಮೈಯ ನೀರು ಬತ್ತುತ್ತದೆ, ಅಷ್ಟೇ.

ಹಂಪಿಯ ನೆರಳಲ್ಲಿ ಬದುಕುವ ನಮಗೆ ಮೈ ಬಿಸಿ ಮಾಡುವ ಪಾಠವನ್ನು ಹೊರಗಿನವರು ಹೇಳಿಕೊಡಬೇಕೆ? 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ರಾಯ ಬೆಳಗಾಗುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆ ಬೆವರಾಗಿ ಹರಿಯುವವರೆಗೆ ಕತ್ತಿ ಬೀಸುತ್ತಿದ್ದ. ಜಟ್ಟಿಯ ಜೊತೆ ಕುಸ್ತಿ ಆಮೇಲೆ, ಕುದುರೆ ಸವಾರಿ ಅದಕ್ಕೂ ಆಮೇಲೆ. ಚಕ್ರವರ್ತಿಯೇ ತಣ್ಣನೆ ಮೈಯಲ್ಲಿ ಅಖಾಡಕ್ಕೆ ಇಳಿಯಲಿಲ್ಲ. ಏಳನೇ ಕ್ಲಾಸಿನ ಕೂಸನ್ನು ನಾವು ಇಳಿಸುತ್ತೇವೆ!

ಮಾಡಬೇಕಾದ್ದು ದೊಡ್ಡದೇನಲ್ಲ. ಓಟಕ್ಕೆ ಮುಂಚೆ ಹದಿನೈದಿಪ್ಪತ್ತು ನಿಮಿಷ ಮಕ್ಕಳನ್ನು ಮೈದಾನದ ಮೂಲೆಗೆ ಬಿಡಿ. ಬೆವರೊಡೆಯುವಷ್ಟು ನಿಧಾನ ಓಟ, ಮೊಣಕಾಲೆತ್ತಿ ಓಡುವುದು, ಕಾಲು ಹಿಂದೆ ಮುಂದೆ ಬೀಸುವುದು, ಕೊನೆಗೆ ವೇಗ ಏರಿಸುತ್ತಾ ಎರಡು ಮೂರು ಸಣ್ಣ ಓಟ. ಬಗ್ಗಿ ಕಾಲ್ಬೆರಳು ಹಿಡಿದು ನಿಮಿಷಗಟ್ಟಲೆ ನಿಲ್ಲಿಸುವುದು ಆಗ ಬೇಡ, ಅದು ಓಟದ ಕಸುವನ್ನೇ ಕುಂದಿಸುತ್ತದೆ. ನೆನಪಿರಲಿ, ಬಿಸಿಯಾದ ಮೈಯನ್ನು ಮತ್ತೆ ಭಾಷಣಕ್ಕೆ ಕೂಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಎಲ್ಲ ನೀರಲ್ಲಿ ಹೋಮ.

ಒಂದು ದಿನದ ಕುಂಟು ಅಂತ ತಳ್ಳಿಹಾಕಬೇಡಿ. ಒಮ್ಮೆ ಎಳೆದುಕೊಂಡ ತೊಡೆ ಮತ್ತೆ ಎಳೆದುಕೊಳ್ಳುವ ಸಂಭವ ಹೆಚ್ಚು. ಇದೇ ಮಕ್ಕಳು ನಾಳೆ ಪೊಲೀಸ್ ಕಾನ್ಸ್‌ಟೇಬಲ್ ಆಗಲು ಹೋಗುತ್ತಾರೆ. ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಗೇಣು ಹೊಲವಿಲ್ಲದ ಮನೆಗೆ ಆ ಕಾಲೇ ಆಸ್ತಿ. ಯಾರದೋ ಶಾಲಿನ ಫೋಟೊಕ್ಕಾಗಿ ಅದನ್ನು ಹಾಳು ಮಾಡುವ ಹಕ್ಕು ನಮಗೆ ಕೊಟ್ಟವರಾರು?

ಪಾಲಕರೇ, ಬಾಯಿ ಬಿಡಿ. ಶಿಕ್ಷಕರಿಗೆ ಮೇಲಿನವರ ಭಯ ಇರಬಹುದು, ನಿಮಗೇನು? ಈ ಸಲ ಅತಿಥಿ ತಡವಾದರೆ ಕಾಯಬೇಡಿ, ಓಟ ಶುರು ಮಾಡಿಸಿ. ಗೆದ್ದ ಮಕ್ಕಳ ಕೊರಳಿಗೆ ಪದಕ ಹಾಕುವ ಕೆಲಸ ಅವರಿಗೆ ಸಂಜೆ ಇದ್ದೇ ಇರುತ್ತದೆ.