ತೂಕದ ಯಂತ್ರ ಹೇಳದ ಲೆಕ್ಕ

ತೂಕ ಇಳಿಸುವ ಇಂಜೆಕ್ಷನ್ ಈಗ ಎಲ್ಲರ ಬಾಯಲ್ಲೂ ಇದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಅದೇ ವರ್ಷದ ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಲೋಕಲ್ ರೈಲಿನಲ್ಲೂ, ಸಂಘದ ಸಭೆ ಮುಗಿದು ಚಹಾ ಕುಡಿಯುವಾಗಲೂ ಇದೇ ಚರ್ಚೆ. ‘ವಾರಕ್ಕೊಂದು ಚುಚ್ಚಿಕೊಂಡರೆ ಸಾಕಂತೆ, ಶುಗರೂ ಇಳಿಯುತ್ತದಂತೆ, ನಿಜವೇ?’ ಎಂದು ನನ್ನನ್ನೇ ಕೇಳಿದವರಿದ್ದಾರೆ. ನಾನು ಡಾಕ್ಟರನಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು. ಆದರೆ ನನಗೂ ಸಕ್ಕರೆ ಕಾಯಿಲೆ ಇರುವುದರಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಅಭ್ಯಾಸ ಬೆಳೆದಿದೆ.

ಮೊದಲು ಈ ಮದ್ದುಗಳ ಬಗ್ಗೆ ಎರಡು ಮಾತು. ಊಟ ಮಾಡಿದಾಗ ನಮ್ಮ ಕರುಳಿನಿಂದ ಕೆಲವು ಹಾರ್ಮೋನುಗಳು ಹೊರಡುತ್ತವೆ. ಇನ್ಸುಲಿನ್ ಬಿಡು ಎಂದು ಮೇದೋಜೀರಕ ಗ್ರಂಥಿಗೂ, ಹೊಟ್ಟೆ ತುಂಬಿತು ಎಂದು ಮೆದುಳಿಗೂ ಅವು ಸುದ್ದಿ ಮುಟ್ಟಿಸುತ್ತವೆ. ಈ ಮದ್ದುಗಳು ಆ ಹಾರ್ಮೋನಿನ ವೇಷ ಹಾಕಿ ಅದೇ ಕೆಲಸವನ್ನು ವಾರವಿಡೀ ಮಾಡುತ್ತವೆ. ಪರಿಣಾಮ ಸುಳ್ಳಲ್ಲ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಬಗ್ಗೆ 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 1,961 ಮಂದಿ ಇದ್ದರು. 68 ವಾರಗಳಲ್ಲಿ ಮದ್ದು ಪಡೆದವರ ತೂಕ ಸರಾಸರಿ ಶೇ. 14.9ರಷ್ಟು ಇಳಿಯಿತು. ಬರೀ ಹುಸಿ ಚುಚ್ಚುಮದ್ದು ಪಡೆದವರದ್ದು ಶೇ. 2.4 ಮಾತ್ರ. ಮದ್ದು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದದ್ದೂ ಅಷ್ಟೇ ನಿಜ.

ನನ್ನ ಕಣ್ಣು ನಿಂತದ್ದು ಬೇರೊಂದು ಅಂಕಿಯ ಮೇಲೆ. ಆ ಪ್ರಯೋಗಕ್ಕೆ ಸೇರಿದವರ ಸರಾಸರಿ ತೂಕ 105 ಕಿಲೋ. ಅವರಲ್ಲಿ ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಂಡೇ ಇರಲಿಲ್ಲ. ನಮ್ಮ ಸಂಘದ ಸಭೆಯಲ್ಲಿ ಒಮ್ಮೆ ಸುತ್ತ ನೋಡಿ. 105 ಕಿಲೋ ತೂಗುವವರು ಎಷ್ಟು ಜನ ಸಿಕ್ಕಾರು? ಶುಗರಿನ ಮಾತ್ರೆ ನುಂಗುವವರು ಎಷ್ಟು ಜನ? ಈ ಎರಡು ಲೆಕ್ಕ ಒಂದಕ್ಕೊಂದು ತಾಳೆಯಾಗದಿರುವುದೇ ನಮ್ಮ ದೇಶದ ಮಧುಮೇಹದ ಮುಖ್ಯ ಸಂಗತಿ.

ಇದನ್ನು ಬಿಡಿಸಿದವರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅವರದ್ದೂ ಲಂಡನ್ನಿನ ಡಾ. ಯುಡ್ಕಿನ್ ಅವರದ್ದೂ ಜೋಡಿ ಫೋಟೋ ಬಂತು. ಬಿ.ಎಂ.ಐ., ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ, ಇಬ್ಬರದ್ದೂ ಒಂದೇ: 22.3. ಇಬ್ಬರೂ ತೆಳ್ಳಗೇ ಕಾಣುತ್ತಾರೆ. ಆದರೆ ಮೈಯೊಳಗಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ಒಬ್ಬರು ಮ್ಯಾರಥಾನ್ ಓಡುವವರು, ಇನ್ನೊಬ್ಬರ ವ್ಯಾಯಾಮವೆಂದರೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ ಓಡಿ ಒಳಸೇರುವುದು ಎಂದು ಅವರೇ ತಮಾಷೆ ಮಾಡಿಕೊಂಡಿದ್ದರು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಎರಡು ಕಂಪನಿಗಳ ಬ್ಯಾಲೆನ್ಸ್ ಶೀಟಿನ ಒಟ್ಟು ಮೊತ್ತ ಒಂದೇ ಇದ್ದರೂ ಒಂದರ ಆಸ್ತಿ ಕಟ್ಟಡ, ಯಂತ್ರ. ಇನ್ನೊಂದರದ್ದು ವಸೂಲಾಗದ ಸಾಲ. ತೂಕದ ಯಂತ್ರ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ.

ಆದರೆ ಇದು ಬರೀ ಲಿಫ್ಟು, ಮೆಟ್ಟಿಲುಗಳ ಕಥೆಯಲ್ಲ. ಯಾಜ್ಞಿಕ್ ಅವರ ತಂಡ 1993ರಿಂದ ಪುಣೆ ಸುತ್ತಲಿನ ಆರು ಹಳ್ಳಿಗಳ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಗಮನಿಸುತ್ತ ಬಂದಿದೆ. ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದ್ದು 3.5 ಕಿಲೋ. ನಮ್ಮ ಮಗು ಎಲ್ಲದರಲ್ಲೂ ಚಿಕ್ಕದು, ಆದರೆ ಕೊರತೆ ಹೆಚ್ಚು ಕಂಡದ್ದು ಮಾಂಸಖಂಡದಲ್ಲಿ. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಹೊಲದಲ್ಲಿ ದುಡಿಯುವ ತಾಯಿಯ ಬಡಕಲು ಮಗು ಕೊಬ್ಬನ್ನು ಉಳಿಸಿಕೊಂಡೇ ಹುಟ್ಟುತ್ತದೆ ಎಂದರೆ ಅದು ಯಾರ ಸೋಮಾರಿತನವೂ ಅಲ್ಲ. ಊರಲ್ಲಿ ಗಂಜಿ ಕುಡಿದು ಬೆಳೆದು, ಹದಿಹರೆಯದಲ್ಲಿ ಪಟ್ಟಣಕ್ಕೆ ಬಂದು, ಮೂವತ್ತು ವರ್ಷ ಕುರ್ಚಿಯಲ್ಲೋ ಗಲ್ಲಾಪೆಟ್ಟಿಗೆಯ ಹಿಂದೆಯೋ ಕಳೆದ ನಮ್ಮ ತಲೆಮಾರಿಗೆ ಇದು ಚೆನ್ನಾಗಿ ಅರ್ಥವಾಗಬೇಕು.

ನನ್ನದೇ ಕಥೆ ಕೇಳಿ. ನಲವತ್ತಾರರ ವಯಸ್ಸಿನಲ್ಲಿ ನೌಕರರಿಗಾಗಿ ನಡೆದ ಆರೋಗ್ಯ ತಪಾಸಣೆಗೆ ಹೋಗಿದ್ದೆ. ತೂಕ 62 ಕಿಲೋ, ಎತ್ತರ 168 ಸೆಂಟಿಮೀಟರ್. ಬಿ.ಎಂ.ಐ. ಸುಮಾರು 22. ಬೆಳಗಿನ ಬರೀ ಹೊಟ್ಟೆಯ ಸಕ್ಕರೆ 104. ‘ನಾರ್ಮಲ್, ಏನೂ ಚಿಂತೆಯಿಲ್ಲ’ ಎಂದು ಫೈಲು ಮುಚ್ಚಿದರು. ಪ್ಯಾಂಟಿನ ಸೊಂಟ 36 ಇಂಚು ದಾಟಿದ್ದನ್ನು ನೋಡಿದವರಿಲ್ಲ, ತಂದೆಗೆ ಶುಗರ್ ಇತ್ತೇ ಎಂದು ಕೇಳಿದವರಿಲ್ಲ. ಇತ್ತು. ಎರಡು ವರ್ಷದ ನಂತರ ಕಾಲಿನ ಗಾಯ ಒಣಗದೆ ಬೇರೆ ಡಾಕ್ಟರರ ಬಳಿ ಹೋದಾಗ ಊಟದ ಎರಡು ಗಂಟೆಯ ನಂತರದ ಸಕ್ಕರೆ 218. ಆ ಎರಡು ವರ್ಷ ನನಗೆ ತಿರುಗಿ ಸಿಗುವುದಿಲ್ಲ.

ಆ ಎರಡು ವರ್ಷಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಚೆನ್ನೈಯಲ್ಲಿ ನಡೆದ ಸಂಶೋಧನೆ ಉತ್ತರ ಕೊಡುತ್ತದೆ. ಡಾ. ಎ. ರಾಮಚಂದ್ರನ್ ಅವರ ತಂಡ ಅಲ್ಲಿನ ಕಚೇರಿಗಳಲ್ಲಿ ದುಡಿಯುವ ನಮ್ಮಂಥ ಮಧ್ಯಮ ವರ್ಗದವರನ್ನೇ ತಪಾಸಿಸಿ, ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಆರಿಸಿತು. ಸರಾಸರಿ ವಯಸ್ಸು 46ರ ಹತ್ತಿರ. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದರೆ ರಕ್ತದ ಸಕ್ಕರೆ 140ರಿಂದ 199ರೊಳಗೆ ಇದ್ದವರು ಇವರು. ಇವರನ್ನು ನಾಲ್ಕು ಗುಂಪು ಮಾಡಿದರು: ಮಾಮೂಲಿ ಸಲಹೆ ಮಾತ್ರ ಪಡೆದವರು, ನಡಿಗೆ ಮತ್ತು ಆಹಾರ ಪಥ್ಯದವರು, ಮೆಟ್‌ಫಾರ್ಮಿನ್ ಮಾತ್ರೆಯವರು, ಎರಡೂ ಇದ್ದವರು. 2006ರಲ್ಲಿ ಫಲಿತಾಂಶ ಹೊರಬಂತು. ಮೂರು ವರ್ಷದಲ್ಲಿ ಮಾಮೂಲಿ ಗುಂಪಿನಲ್ಲಿ ಶೇ. 55ರಷ್ಟು ಮಂದಿಗೆ ಪೂರ್ಣ ಮಧುಮೇಹ ಬಂದಿತ್ತು. ಉಳಿದ ಮೂರೂ ಗುಂಪಿನಲ್ಲಿ ಅದು ಶೇ. 40ರ ಆಸುಪಾಸು. ನಡಿಗೆ, ಪಥ್ಯದ ಜೊತೆ ಮಾತ್ರೆಯನ್ನೂ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಈ 55 ಎಂಬ ಅಂಕಿಯನ್ನು ಅಮೆರಿಕದ ಅಂಕಿಯ ಪಕ್ಕ ಇಟ್ಟು ನೋಡಬೇಕು. ಅಲ್ಲಿ 2002ರಲ್ಲಿ ಪ್ರಕಟವಾದ ಇಂಥದೇ ಪ್ರಯೋಗದಲ್ಲಿ 3,234 ಮಂದಿ ಇದ್ದರು, ಸರಾಸರಿ ಬಿ.ಎಂ.ಐ. 34. ಚೆನ್ನೈಯವರದ್ದು 26ಕ್ಕೂ ಕಡಿಮೆ. ಹಾಗಿದ್ದರೂ ಚಿಕಿತ್ಸೆ ಸಿಗದ ಅಮೆರಿಕನ್ನರಲ್ಲಿ ಮೂರು ವರ್ಷದಲ್ಲಿ ಕಾಯಿಲೆ ಬಂದದ್ದು ಶೇ. 29ರಷ್ಟು ಮಂದಿಗೆ. ಅಂದರೆ ದಪ್ಪಗಿದ್ದವರು ನಿಧಾನವಾಗಿ ಹೊಸ್ತಿಲು ದಾಟಿದರು, ಅವರಿಗಿಂತ ತೆಳ್ಳಗಿದ್ದ ನಮ್ಮವರು ಹೆಚ್ಚು ಕಡಿಮೆ ಎರಡು ಪಟ್ಟು ವೇಗದಲ್ಲಿ ದಾಟಿದರು. ಅಮೆರಿಕದಲ್ಲಿ ಮೆಟ್‌ಫಾರ್ಮಿನ್ ಕೊಟ್ಟದ್ದು ದಿನಕ್ಕೆ ಎರಡು ಬಾರಿ 850 ಮಿಲಿಗ್ರಾಂ. ಚೆನ್ನೈಯಲ್ಲಿ ಎರಡು ಬಾರಿ ಬರೀ 250 ಮಿಲಿಗ್ರಾಂ ಸಾಕಾಯಿತು. (ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ಅರ್ಧ ಮಾಡಿಕೊಳ್ಳಬೇಡಿ, ಪ್ರಯೋಗದಲ್ಲಿದ್ದವರಿಗೆ ಇನ್ನೂ ಕಾಯಿಲೆ ಬಂದಿರಲಿಲ್ಲ.)

ಇನ್ನೊಂದು ವಿಶೇಷವನ್ನು ನಾನು ಎರಡೆರಡು ಸಲ ಓದಿದೆ. ಚೆನ್ನೈಯ ನಡಿಗೆ ಮತ್ತು ಪಥ್ಯದ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ದಿನಕ್ಕೆ ಅರ್ಧ ಗಂಟೆ ನಡೆದರು, ಸಕ್ಕರೆ, ಮೈದಾ, ಎಣ್ಣೆ ಕಡಿಮೆ ಮಾಡಿದರು. ಯಂತ್ರದ ಮುಳ್ಳು ಇದ್ದಲ್ಲೇ ಇತ್ತು, ಆದರೂ ಕಾಯಿಲೆಯ ಅಪಾಯ ಶೇ. 28ರಷ್ಟು ಕುಗ್ಗಿತು. ‘ತಿಂಗಳಿಂದ ವಾಕಿಂಗ್ ಮಾಡಿದೆ, ಒಂದು ಕಿಲೋ ಇಳಿಯಲಿಲ್ಲ, ಬಿಟ್ಟುಬಿಟ್ಟೆ’ ಎನ್ನುವವರು ನಮ್ಮಲ್ಲಿ ಎಷ್ಟಿಲ್ಲ! ಅವರಿಗೆ ಈ ಒಂದು ಸಂಗತಿಯನ್ನು ಯಾರಾದರೂ ಹೇಳಿದ್ದರೆ ಬಿಡುತ್ತಿರಲಿಲ್ಲವೇನೋ.

ಅದೇ ತಂಡ ಆಮೇಲೆ 537 ಗಂಡಸರ ಮೇಲೆ ಇನ್ನೊಂದು ಪ್ರಯೋಗ ಮಾಡಿತು. ಅರ್ಧ ಮಂದಿಗೆ ಮೊಬೈಲಿನಲ್ಲಿ ಆಗಾಗ ಎಸ್.ಎಂ.ಎಸ್. ಕಳಿಸಿ ನಡಿಗೆ, ಊಟಗಳ ನೆನಪು ಮಾಡಿದ್ದಷ್ಟೇ. 2013ರಲ್ಲಿ ಬಂದ ವರದಿಯ ಪ್ರಕಾರ ಎರಡು ವರ್ಷದಲ್ಲಿ ಎಸ್.ಎಂ.ಎಸ್. ಪಡೆದವರಲ್ಲಿ ಶೇ. 18, ಪಡೆಯದವರಲ್ಲಿ ಶೇ. 27 ಮಂದಿಗೆ ಕಾಯಿಲೆ ಬಂತು.

ಈಗ ದೇಶದ ಚಿತ್ರ ನೋಡೋಣ. ಐ.ಸಿ.ಎಂ.ಆರ್. ಮತ್ತು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ 2008ರಿಂದ 2020ರವರೆಗೆ ರಾಜ್ಯ ರಾಜ್ಯ ಸುತ್ತಿ 1,13,043 ಮಂದಿಯನ್ನು ಪರೀಕ್ಷಿಸಿದವು. 2023ರ ವರದಿಯಂತೆ ಮಧುಮೇಹಿಗಳು 10.1 ಕೋಟಿ, ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಬಿ.ಎಂ.ಐ. ಲೆಕ್ಕದಲ್ಲಿ ಬೊಜ್ಜಿನವರು ಶೇ. 28.6 ಇದ್ದರೆ ಹೊಟ್ಟೆಯ ಬೊಜ್ಜಿನವರು ಶೇ. 39.5. ಇದೇ ಸಮೀಕ್ಷೆಯ ಆಹಾರದ ವರದಿ 2025ರಲ್ಲಿ ಬಂದಿದೆ: ನಮ್ಮ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಅನ್ನ, ಗೋಧಿ, ಸಕ್ಕರೆಯಂಥ ಪಿಷ್ಟದಿಂದ. ಅದರಲ್ಲಿ ಸ್ವಲ್ಪವನ್ನು ಬೇಳೆಕಾಳು, ಹಾಲು, ಮೊಸರಿಗೆ ಬದಲಾಯಿಸಿದರೂ ಅಪಾಯ ತಗ್ಗುತ್ತದೆ ಎಂಬುದು ಅವರ ಅಂದಾಜು. ಅನ್ನ ಬಿಡಿ ಎಂದು ನಾನು ಹೇಳಲಾರೆ, ನನಗೇ ಆಗಿಲ್ಲ. ಎರಡನೇ ಸಲ ಅನ್ನದ ಬದಲು ಹೆಸರುಕಾಳಿನ ಪಲ್ಯ ಬಡಿಸಿಕೊಳ್ಳುತ್ತೇನೆ.

ಇನ್ನು ಹಣದ ಮಾತು. ವೆಗೋವಿ ಬಂದ ಹೊಸತರಲ್ಲಿ ಆರಂಭದ ಡೋಸಿನ ಬೆಲೆಯೇ ತಿಂಗಳಿಗೆ 17,345 ರೂಪಾಯಿ, ವರ್ಷಕ್ಕೆ 2,08,140 ರೂಪಾಯಿ. ಅದೇ ವರ್ಷ ನವೆಂಬರ್‌ನಲ್ಲಿ ದರ ಇಳಿಸಿದರು. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್ ತನಕದ್ದು. ಅಲ್ಲಿಂದ ಮುಂದೆ ದೇಶೀ ಕಂಪನಿಗಳ ಅಗ್ಗದ ಮದ್ದಿಗೆ ದಾರಿ ತೆರೆಯುತ್ತದೆ. ಒಳ್ಳೆಯದೇ. ನಿಜವಾಗಿ ಬೇಕಾದವರಿಗೆ, ಡಾಕ್ಟರರ ಕಣ್ಗಾವಲಿನಲ್ಲಿ ಸಿಗಲಿ. ಆದರೆ 13.6 ಕೋಟಿ ಮಂದಿಯಲ್ಲಿ ಬಹಳಷ್ಟು ಜನಕ್ಕೆ ತಾವು ಹೊಸ್ತಿಲಲ್ಲಿ ಇದ್ದೇವೆಂಬುದೇ ತಿಳಿದಿಲ್ಲ. ಮದ್ದು ಎಷ್ಟೇ ಅಗ್ಗವಾಗಲಿ, ಅವರನ್ನು ಗುರುತಿಸುವ ಕೆಲಸವನ್ನು ಅದು ಮಾಡಲಾರದು.

ಆ ಕೆಲಸ ಸ್ವಲ್ಪವಾದರೂ ನಮ್ಮಿಂದ ಆದೀತು. ವರ್ಷಕ್ಕೊಮ್ಮೆ ಸಂಘಗಳಲ್ಲಿ ಉಚಿತ ಆರೋಗ್ಯ ಶಿಬಿರ ನಡೆಯುತ್ತದೆ. ದೀಪ ಬೆಳಗಿಸುತ್ತಾರೆ, ಫೋಟೋ ಪತ್ರಿಕೆಗೆ ಬರುತ್ತದೆ. ಉಪ್ಪಿಟ್ಟು, ಶಿರಾ ತಿಂದು ಸಾಲಿನಲ್ಲಿ ನಿಂತವರ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ತೂಕ ಬರೆದುಕೊಳ್ಳುತ್ತಾರೆ. ನನ್ನಂಥ 62 ಕಿಲೋದವರು ಖುಷಿಯಿಂದ ಮನೆಗೆ ಹೋಗುತ್ತಾರೆ. ಸೊಂಟ ಅಳೆಯುವ ಟೇಪು ಒಂದು ಶಿಬಿರದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಬಿ.ಎಂ.ಐ. 23 ಎಂದು ಭಾರತೀಯರಿಗಾಗಿಯೇ ಗಡಿ ಹಾಕಿ 2009ರಲ್ಲೇ ನಮ್ಮ ದೇಶದ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಒಳ್ಳೆಯದೇ, ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಹೆಚ್ಚು ತೋರಿಸಬಹುದು. ಆ ಕೊರತೆ ನಮ್ಮ ಹೆಂಗಸರಲ್ಲಿ ಎಷ್ಟು ಸಾಮಾನ್ಯ ಎಂದು ಬೇರೆ ಹೇಳಬೇಕಿಲ್ಲ. ಹೊಸ್ತಿಲಿನವರನ್ನು ಹಿಡಿಯಲು ಗ್ಲುಕೋಸ್ ನೀರಿನ ಆ ಹಳೆಯ ಎರಡು ಗಂಟೆಯ ಪರೀಕ್ಷೆಯೇ ಗಟ್ಟಿ. ಈಗಾಗಲೇ ಕಾಯಿಲೆ ಇರುವವರಿಗೆ ಅದು ಬೇಡ. ಉಳಿದವರು ಬರೀ ಹೊಟ್ಟೆಯಲ್ಲಿ ಬರಬೇಕು, ರಕ್ತವನ್ನು ಲ್ಯಾಬಿಗೆ ಕಳಿಸಬೇಕು.

ಇದನ್ನು ಸಮಿತಿಯ ಮುಂದಿಟ್ಟಾಗ ಒಬ್ಬರು, ‘ಜನರನ್ನು ಎರಡು ಗಂಟೆ ಕೂರಿಸುವುದು ಹೇಗೆ ಮಾರಾಯ್ರೆ?’ ಎಂದರು. ಉದ್ಘಾಟನೆಯ ಭಾಷಣಗಳಿಗೆ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದೆ. ನಕ್ಕರು, ಆದರೆ ಒಪ್ಪಿದರು. ಕಳೆದ ಶಿಬಿರದ ರಿಜಿಸ್ಟರ್ ತೆಗೆದು ನೋಡಿದೆವು. ಹೆಸರು, ವಯಸ್ಸು, ತೂಕ, ಸಕ್ಕರೆ ಎಲ್ಲ ಇತ್ತು. ಹೆಚ್ಚು ಇದ್ದವರು ಆಮೇಲೆ ಏನಾದರು ಎಂಬುದಕ್ಕೆ ಜಾಗವೇ ಇರಲಿಲ್ಲ. ಬ್ಯಾಂಕಿನಲ್ಲಿ ಸಾಲದ ಒಂದು ಕಂತು ತಪ್ಪಿದರೆ ನಾವು ಫೋನ್ ಮಾಡದೆ ಬಿಡುವುದಿಲ್ಲ. ಹೊಸ ರಿಜಿಸ್ಟರ್‌ಗೆ ಗೆರೆ ಎಳೆಯುವ ಕೆಲಸವನ್ನು ನನಗೇ ವಹಿಸಿದ್ದಾರೆ. ಸೊಂಟದ ಅಳತೆ, ಎರಡು ಗಂಟೆಯ ಸಕ್ಕರೆ, ಆರು ತಿಂಗಳ ನಂತರದ ಫೋನ್ ಎಂದು ಮೂರು ಅಂಕಣ ಹೆಚ್ಚಿಗೆ ಹಾಕಿದ್ದೇನೆ. ಫೋನ್ ಮಾಡಲು ಇಬ್ಬರು ಯುವಕರು ಹೆಸರು ಕೊಟ್ಟಿದ್ದಾರೆ, ಇನ್ನೂ ಇಬ್ಬರು ಬೇಕು.